ಸಂಜಿ ವರಿಗೆ ಕಾಂಬ

ಸಾಸ್ತಾನ ಅಂದರೆ ಈಗ ಎಲ್ಲರಿಗೂ ಟೋಲ್‌ಗೇಟು. ಮಂಗಳೂರಿನ ನೆಂಟರು ಕಾರಿನಿಂದ ಇಳಿದು, ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಟೋಲಿಗೆ ಎಷ್ಟು ಹೋಯಿತೆಂದು ಲೆಕ್ಕ ಒಪ್ಪಿಸುತ್ತಾರೆ. ಆಮೇಲಿನ ದೂರು ರೇಡಿಯೋದ್ದು. "ಉಡುಪಿ ದಾಟಿದ ಮೇಲೆ ಎಫ್ಎಂ ಬರೀ ಕರಕರ. ನಿಮ್ಮ ಬದಿಗೆ ಏನೂ ಸಿಗುವುದಿಲ್ಲ ಮಾರಾಯ್ರೆ." ನಾನು ಬೆಲ್ಲ ನೀರು ಮುಂದಿಟ್ಟು ಸುಮ್ಮನಿರುತ್ತೇನೆ. ಅವರ ಊರಿನ ರೇಡಿಯೋದ ಕಂಬವೇ ನಮ್ಮ ಬದಿಯದ್ದು ಅಂದರೆ ನಂಬಬೇಕಲ್ಲ!

ನಿಜ ಸಂಗತಿ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್ 11ಕ್ಕೆ. ಸ್ಟುಡಿಯೋ ಇರುವುದು ಕದ್ರಿಯಲ್ಲಿ. ಆದರೆ 1089 ಕಿಲೋಹರ್ಟ್ಸಿನ ಟ್ರಾನ್ಸ್‌ಮಿಟರನ್ನು ಇಟ್ಟದ್ದು ಬ್ರಹ್ಮಾವರದಲ್ಲಿ, ನಮ್ಮಿಂದ ಬಸ್ಸಿಗೆ ಕಾಲು ಗಂಟೆ. ಹಾಗಾಗಿ ಕದ್ರಿಯಲ್ಲಿ ಆಡಿದ ಮಾತು ಕದ್ರಿಯವರಿಗಿಂತ ಗಟ್ಟಿಯಾಗಿ ನಮಗೆ ಕೇಳುತ್ತಿತ್ತು. ನಮ್ಮ ಅಮ್ಮಮ್ಮ ಒಂದು ಸಲ ಬ್ರಹ್ಮಾವರದ ಸಂತೆಗೆ ಹೋದವರು ಆ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿ, "ಇಷ್ಟ್ ಎತ್ರ ಹತ್ತಿ ಮಾತಾಡ್ಕಾ? ಪಾಪ, ಮಳಿ ಬಂದ್ರೆ ಎಂತ ಮಾಡ್ತ್ರೊ" ಅಂದರಂತೆ. ಅಂದಿನಿಂದ ಮಳೆಗಾಲದ ವಾರ್ತೆಯನ್ನು ಅವರು ಕೇಳಿದ್ದು ಕನಿಕರದಿಂದಲೇ. ವಾರ್ತೆ ಓದುವವರು ಒಮ್ಮೆ ಕೆಮ್ಮಿದರೂ ಸಾಕು, "ಕಂಡ್ಯಾ, ಥಂಡಿ ಹಿಡ್ದಿತ್" ಎನ್ನುವರು.

ಆ ಕಾಲದ ರೇಡಿಯೋದಲ್ಲಿ ತಪ್ಪುಗಳಿಗೇನೂ ಬರವಿರಲಿಲ್ಲ. ತಟ್ಟೆ ಸಿಕ್ಕಿಹಾಕಿಕೊಂಡು ಹಾಡಿನವಳು ಒಂದೇ ಶಬ್ದವನ್ನು ಮೂವತ್ತು ಸಲ ಹೇಳುವಳು. ಕ್ಷೌರದಂಗಡಿಯಲ್ಲಿ ಕತ್ತಿ ಕೆನ್ನೆಯ ಮೇಲೆ ನಿಂತುಬಿಡುವುದು. ಯಾರೋ ಓಡಿಬರುವ ಸದ್ದು, ಮುಳ್ಳು ಎತ್ತಿದ ಸದ್ದು, ಆಮೇಲೆ "ಅಡಚಣೆಗಾಗಿ ವಿಷಾದಿಸುತ್ತೇವೆ." ಕತ್ತಿ ಮತ್ತೆ ಚಲಿಸುವುದು. ಆ ಓಡಿಬರುವ ಸದ್ದು ನನಗೆ ಹಾಡಿಗಿಂತ ಇಷ್ಟ. ಅಲ್ಲೊಬ್ಬರು ಇದ್ದಾರೆ, ಬಹುಶಃ ಚಾ ಕುಡಿಯಲು ಎದ್ದುಹೋಗಿದ್ದಾರೆ ಎಂದು ಅದರಿಂದ ತಿಳಿಯುತ್ತಿತ್ತು.

ನಾನೂ ಒಂದು ತಪ್ಪು ಮಾಡಿದ್ದೇನೆ. ಒಂದು ನಿಲಯದಲ್ಲಿ, ಹೆಸರು ಬೇಡ, ಹೆಮ್ಮಾಡಿ ಸೇವಂತಿಗೆಯ ಬಗ್ಗೆ ಹತ್ತು ನಿಮಿಷದ ನೇರ ಭಾಷಣ. ಕಾಗದದ ಸದ್ದು ಬರಬಾರದು, ಪಿನ್ನು ತೆಗೆದು ಹಾಳೆಗಳನ್ನು ಬಿಡಿಯಾಗಿ ಇಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದರು. ಇಟ್ಟುಕೊಂಡೆ. ಮೂರನೆಯ ಹಾಳೆ ಯಾವಾಗ ಮೇಜಿನ ಕೆಳಗೆ ಹೋಯಿತೋ ಗೊತ್ತಿಲ್ಲ. ಎರಡನೆಯದರ ಕೊನೆಗೆ "ಗಿಡ ನೆಟ್ಟ ಎಂಟನೆಯ ದಿನಕ್ಕೆ" ಎಂದಿತ್ತು. ನಾಲ್ಕನೆಯದರ ಮೊದಲಿಗೆ "ಹೂವನ್ನು ಮಾರಣಕಟ್ಟೆ ಜಾತ್ರೆಗೆ ಸಾಗಿಸುತ್ತಾರೆ" ಎಂದಿತ್ತು. ಉಸಿರು ಬಿಡದೆ ಎರಡನ್ನೂ ಕೂಡಿಸಿ ಓದಿದೆ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ರೈತರೊಬ್ಬರು ತಡೆದು ನಿಲ್ಲಿಸಿದರು. "ಎಂಟ್ ದಿನಕ್ಕ್ ಹೂಗ್ ಬಿಡು ಸೇವಂತ್ಗಿ ನಮ್ಗೂ ಎರಡ್ ಗಿಡ ಕೊಡಿ ಮಾರಾಯ್ರೆ." ಅವರು ನಗಲಿಲ್ಲ. ಇವತ್ತಿಗೂ ಸಿಕ್ಕಾಗಲೆಲ್ಲ ಗಿಡ ಕೇಳುತ್ತಾರೆ.

ದೊಡ್ಡವರ ತಪ್ಪು ದೊಡ್ಡದು. 1979ರ ಮಾರ್ಚ್ 22ರಂದು ಜಯಪ್ರಕಾಶ ನಾರಾಯಣರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಲೋಕಸಭೆಯಲ್ಲೇ ಹೇಳಿಬಿಟ್ಟರು. ಆಕಾಶವಾಣಿಯೂ ಸಾರಿತು. ಜೆಪಿಯವರು ಮುಂಬೈಯ ಜಸ್ಲೋಕ್ ಆಸ್ಪತ್ರೆಯಲ್ಲಿ ಉಸಿರಾಡುತ್ತಲೇ ಇದ್ದರು. ನಮ್ಮ ಪೇಟೆಯ ಹೋಟೆಲಿನ ಭಟ್ಟರು ಗೌರವದಿಂದ ರೇಡಿಯೋ ಆರಿಸಿ ಕೈಮುಗಿದರು. ಆರಿಸಿದ್ದರಿಂದ ತಿದ್ದುಪಡಿ ಅವರಿಗೆ ಕೇಳಲಿಲ್ಲ. ಮರುದಿನ ಪೇಪರ್ ಬರುವವರೆಗೂ ಸಾಸ್ತಾನದ ಪಾಲಿಗೆ ಜೆಪಿ ಇಲ್ಲ. ಮುಂದೆ ಅಕ್ಟೋಬರ್ 8ಕ್ಕೆ ಅವರು ನಿಜವಾಗಿಯೂ ಪಟ್ನಾದಲ್ಲಿ ತೀರಿಕೊಂಡಾಗ ಮಾಣಿ ಓಡಿಬಂದು ರೇಡಿಯೋ ಆರಿಸಬೇಕೇ ಎಂದು ಕೇಳಿದ. ಭಟ್ಟರು ದೋಸೆ ಮಗುಚುತ್ತಾ ಅಂದರು: "ತಡಿ ಮಾರಾಯ, ಸಂಜಿ ವರಿಗೆ ಕಾಂಬ."

ಧಣಿ ತಪ್ಪು ಹೇಳಿದರೆ ರೇಡಿಯೋವೂ ತಪ್ಪು ಹೇಳಬೇಕಾದ ಕಾಲ ಅದು. ಆಗ ಧಣಿ ಒಬ್ಬನೇ, ಸರ್ಕಾರ. ಅದಕ್ಕೂ ಮೊದಲು, 1935ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಡೆಸಿದ್ದರು. ಆಕಾಶವಾಣಿ ಎಂಬ ಹೆಸರೂ ಅಲ್ಲಿಯದೇ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕರ ಸೊತ್ತು ಎಂದಿತು. ಸೊತ್ತು ನಮ್ಮದು, ಏಲಂ ಮಾತ್ರ ದಿಲ್ಲಿಯಲ್ಲಿ. 2001ರಲ್ಲಿ ಬೆಂಗಳೂರಿಗೆ ರೇಡಿಯೋ ಸಿಟಿ ಬಂತು. ಕೆಲವು ವರ್ಷಗಳಲ್ಲಿ ಮಂಗಳೂರಿಗೂ ಮೂರು ಬಂದವು: ಮಿರ್ಚಿ ಟೈಮ್ಸ್ ಗುಂಪಿನದು, ರೆಡ್ ಎಫ್ಎಂ ಚೆನ್ನೈಯ ಸನ್ ಗುಂಪಿನದು, ಬಿಗ್ ಎಫ್ಎಂ ಅನಿಲ್ ಅಂಬಾನಿಯವರದು. ಕೊನೆಯದು ದಿವಾಳಿ ಪ್ರಕ್ರಿಯೆಗೆ ಸಿಕ್ಕಿ, 2024ರಲ್ಲಿ ನ್ಯಾಯಮಂಡಳಿಯ ಒಪ್ಪಿಗೆಯ ಮೇಲೆ ಸಫೈರ್ ಮೀಡಿಯಾದ ಪಾಲಾಯಿತು. ಕೇಳುಗರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಮನೆ ಕೈಬದಲಾದರೆ ನೆರೆಯವರಿಗೆ ಹಾಲು ಪಾಯಸವಾದರೂ ಸಿಗುತ್ತದೆ.

1930ರ ಏಪ್ರಿಲ್ 18ರ ರಾತ್ರಿ ಬಿಬಿಸಿಯು ಸುದ್ದಿಯೇನೂ ಇಲ್ಲ ಎಂದು ಹೇಳಿ ಪಿಯಾನೋ ಹಾಕಿತ್ತು. ನಮ್ಮ ಖಾಸಗಿ ಎಫ್ಎಂಗಳಿಗೆ ದಿನವೂ ಅದೇ ಏಪ್ರಿಲ್ 18. ಸ್ವಂತ ಸುದ್ದಿ ಓದುವಂತಿಲ್ಲ, ಬೇಕಾದರೆ ಆಕಾಶವಾಣಿಯದನ್ನೇ ಮರುಪ್ರಸಾರ ಮಾಡಬೇಕು. ಕಟ್ಟುಪಾಡು ಸರ್ಕಾರದ್ದು, ಬೈಗುಳ ಮಾತ್ರ ಪಟಪಟ ಮಾತಾಡುವ ಹುಡುಗರಿಗೆ. ಹಾಡುಗಳ ಪಟ್ಟಿ ಕಂಪ್ಯೂಟರಿನೊಳಗೆ, ತಟ್ಟೆ ಸಿಕ್ಕಿಕೊಳ್ಳುವ ಭಯವಿಲ್ಲ. ತಪ್ಪೇ ಇಲ್ಲದ ಮೇಲೆ ಓಡಿಬರುವ ಸದ್ದೆಲ್ಲಿ?

ಅದು ಬರೀ ಹಳಹಳಿಕೆ ಎಂದು ಮಗ ಅನ್ನುತ್ತಾನೆ. ಅವನಿಗೆ ನಾನು ಮೈನಾಟ್ ಕತೆ ಹೇಳುತ್ತೇನೆ. ಅಮೆರಿಕದ ನಾರ್ತ್ ಡಕೋಟಾದ ಊರು. 2002ರ ಜನವರಿ 18ರ ನಡುರಾತ್ರಿ ಕಳೆದ ಮೇಲೆ ರೈಲು ಹಳಿ ತಪ್ಪಿ ಅಮೋನಿಯಾ ಸೋರಿತು. ಊರಿನ ಆರೂ ವಾಣಿಜ್ಯ ರೇಡಿಯೋಗಳು ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯವು. ಕಿಟಕಿ ಮುಚ್ಚಿಕೊಳ್ಳಿ ಎಂದು ಸಾರಿಸಲು ಪೊಲೀಸರು ಫೋನ್ ಮಾಡಿದರೆ ಎತ್ತುವವರೇ ಸಿಗಲಿಲ್ಲವೆಂದು ದೂರು. ತಪ್ಪು ಪೊಲೀಸರ ಕಡೆಯದೇ ಎಂದು ಕಂಪನಿಯ ವಾದ. ಇರಲಿ. ಕೋಡಿಯ ಮೀನುಗಾರರಿಗೆ ಇಂದು ಗಾಳಿ ಜೋರು, ಕಡಲಿಗೆ ಇಳಿಯಬೇಡಿ ಎಂದು ಹೇಳಬೇಕಾದ ಹೊತ್ತಿಗೆ ಆ ಕೋಣೆಯಲ್ಲಿ ಒಬ್ಬ ಮನುಷ್ಯ ಇರಬೇಕು. ಚಾ ಕುಡಿಯಲು ಹೋಗಿದ್ದರೂ ಓಡಿಬರುವಷ್ಟು ಹತ್ತಿರದಲ್ಲಿರಬೇಕು.

ಮಗ ಒಪ್ಪಲಿಲ್ಲ, ಮೊಬೈಲಿಗೆ ಮೆಸೇಜು ಬರುತ್ತದಂತೆ. ಆದರೂ ಮೊನ್ನೆ ಕುಂದಾಪುರದಿಂದ ಬರುವಾಗ ಒಂದು ಪುಟ್ಟ ರೇಡಿಯೋ ತಂದುಕೊಟ್ಟ. ಉತ್ತರಕ್ಕೆ ಭಂಡಾರ್ಕಾರ್ಸ್ ಕಾಲೇಜಿನ ರೇಡಿಯೋ ಕುಂದಾಪ್ರ 89.6, ತೆಂಕಕ್ಕೆ ರೇಡಿಯೋ ಮಣಿಪಾಲ್ 90.4. ಎರಡೂ ಸಮುದಾಯ ಬಾನುಲಿಗಳು. ಇಂಥವು ಅರ್ಧದಷ್ಟು ಕಾರ್ಯಕ್ರಮವನ್ನಾದರೂ ತಮ್ಮ ಊರಿನಲ್ಲೇ ಮಾಡಬೇಕೆಂಬ ನಿಯಮವಿದೆ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಸರ್ಕಾರದ ಜಾಹೀರಾತಿಗೆ 10 ಸೆಕೆಂಡಿಗೆ 74 ರೂಪಾಯಿ ದರ. ಆ ದುಡ್ಡಿಗೆ ಯಾವ ಅಂಬಾನಿಯೂ ಬರಲಾರ. ಸಣ್ಣ ಶಕ್ತಿಯ ಕೇಂದ್ರಗಳು, ನಾವು ಎರಡರ ನಡುವೆ. ಜಗಲಿಯಲ್ಲಿ ಇಟ್ಟರೆ ಎರಡೂ ಇಲ್ಲ. ಬಾವಿಕಟ್ಟೆಯ ಮೇಲೆ ಇಟ್ಟು ಕಡ್ಡಿಯನ್ನು ತೆಂಗಿನ ಮರದ ಕಡೆ ತಿರುಗಿಸಿದರೆ 89.6 ಕೇಳುತ್ತದೆ. ಗುಂಡ್ಮಿ, ಪಾಂಡೇಶ್ವರ, ಐರೋಡಿ ಬದಿಯವರೇ, ನಿಮ್ಮಲ್ಲಿ ಎಲ್ಲಿಟ್ಟರೆ ಕೇಳುತ್ತದೆ? ಸಿಕ್ಕಿದಾಗ ಒಂದು ಮಾತು ಹೇಳಿ.