ನನ್ನ ಕೈಗೆ 83 ಕೋಟಿ ಕೊಟ್ಟಿದ್ದರೆ

ಆರ್‌ಸಿಬಿ ಅಭಿಮಾನಿಗೆ ಸೀಸನ್ ಶುರುವಾಗುವುದು ಮಾರ್ಚಿನಲ್ಲಲ್ಲ, ಹರಾಜಿನ ದಿನ. ಏಪ್ರಿಲ್, ಮೇ ತಿಂಗಳಲ್ಲಿ ಆಡುವವರು ಅವರು, ಅನುಭವಿಸುವವರು ನಾವು. ಹರಾಜಿನಲ್ಲಿ ಹಾಗಲ್ಲ, ಆಡುವವರೂ ನಾವೇ. ಫ್ಲ್ಯಾಟಿನ ಇಎಂಐ, ಮಕ್ಕಳ ಸ್ಕೂಲ್ ಫೀಸು ಕಟ್ಟಿ ಮಿಕ್ಕ ಚಿಲ್ಲರೆಯಲ್ಲಿ ತಿಂಗಳು ದೂಡುವ ಮನುಷ್ಯ, ಸೋಫಾದ ಮೇಲೆ ಕಾಲು ಚಾಚಿಕೊಂಡು, ‘ಅವನಿಗೆ ಹನ್ನೊಂದು ಕೋಟಿ ಜಾಸ್ತಿ ಆಯ್ತು, ಒಂಬತ್ತಕ್ಕೆ ನಿಲ್ಲಿಸಬೇಕಿತ್ತು’ ಎಂದು ತೀರ್ಪು ಕೊಡಬಹುದಾದ ದಿನ ವರ್ಷಕ್ಕೆ ಅದೊಂದೇ. ಎಲ್ಲಕ್ಕಿಂತ ಮುಖ್ಯ, ಆ ದಿನ ನಮ್ಮ ತಂಡ ಇನ್ನೂ ಯಾರ ಕೈಲೂ ಸೋತಿರುವುದಿಲ್ಲ.

2024ರ ನವೆಂಬರ್ 24 ಮತ್ತು 25ರಂದು ಜೆಡ್ಡಾದಲ್ಲಿ ಐಪಿಎಲ್ ಮೆಗಾ ಹರಾಜು ನಡೆಯಿತಲ್ಲ, ಅದರ ಮೊದಲ ದಿನ ಭಾನುವಾರ. ಪೀಣ್ಯದ ನಮ್ಮ ಭಾವ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿ, ಕಾಡುಗೋಡಿಯ ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೇ ಬಂದರು. ಎಲೆಕ್ಟ್ರಾನಿಕ್ ಸಿಟಿಯಿಂದ ನನ್ನ ನಾದಿನಿಯೂ ಬಂದಿದ್ದಳು. ಅವಳದು ಕಂಪನಿಯೊಂದರಲ್ಲಿ ಎಚ್ಆರ್ ಕೆಲಸ. ಭಾವನವರದು ನಾಲ್ಕು ಸಿಎನ್‌ಸಿ ಮಷೀನಿನ ಸಣ್ಣ ವರ್ಕ್‌ಶಾಪ್. ಒಂದೇ ತಾಯಿಯ ಮಕ್ಕಳಾದರೂ ಅಣ್ಣ ತಂಗಿ ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನು ಕಂಡಿಲ್ಲ.

ತಂಡದ ಕೈಲಿದ್ದ 120 ಕೋಟಿಯಲ್ಲಿ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಹೋಗಿ ಉಳಿದದ್ದು 83 ಕೋಟಿ. ಮೂವರನ್ನು ಬಿಟ್ಟು ಮನೆ ಪೂರ್ತಿ ಖಾಲಿ. ‘ಚೆನ್ನಾಗಾಯ್ತು ಬಿಡಿ, ಹಳೇ ಸಾಮಾನೆಲ್ಲ ಗುಜರಿಗೆ ಹೋಯ್ತು’ ಎಂದರು ಭಾವ. ಅವರ ಪ್ರಕಾರ ತಂಡ ಕಟ್ಟುವುದು ಶೆಡ್ಡಿಗೆ ಮಷೀನು ಕೂರಿಸಿದ ಹಾಗೆ. ಹೊಸ ಮಷೀನಿಗೆ ಮರುಳಾಗಬಾರದು, ಓಡಿದ ಮಷೀನೇ ನಂಬಿಕೆಯದು, ಸ್ಪಿಂಡಲ್ ಕಂಪನ ನೋಡಿ ಕೊಳ್ಳಬೇಕು. ಈ ಸೂತ್ರ ಹಿಡಿದು ಅವರು ಬಂದಾಗಿನಿಂದ ಭುವನೇಶ್ವರ್ ಕುಮಾರ್ ಹೆಸರು ಜಪಿಸುತ್ತಿದ್ದರು. ‘ಮೂವತ್ತನಾಲ್ಕು ವಯಸ್ಸಾಯ್ತಲ್ಲ ಭಾವ’ ಎಂದರೆ, ‘ಎಷ್ಟು ಗಂಟೆ ಓಡಿದೆ ಅನ್ನೋದಲ್ಲ, ಈಗಲೂ ಟಾಲರೆನ್ಸಿನಲ್ಲಿ ಇದೆಯಾ ಅನ್ನೋದು ಪ್ರಶ್ನೆ’ ಎಂಬ ಉತ್ತರ ಬಂತು.

ಸಿರಾಜ್ ಹೆಸರು ಕೂಗಿದಾಗ ಮನೆ ಮೌನವಾಯಿತು. ಏಳು ವರ್ಷ ನಮ್ಮಲ್ಲಿದ್ದ ಹುಡುಗ. ಗುಜರಾತಿನವರು 12.25 ಕೋಟಿ ಎಂದರು. ಹಳೆಯ ತಂಡ ಬಯಸಿದರೆ ಬೆಲೆ ಸರಿಗಟ್ಟಿ ವಾಪಸು ಪಡೆಯುವ ಆರ್‌ಟಿಎಂ ಎಂಬ ಹಕ್ಕು ನಮ್ಮ ಕೈಲಿತ್ತು. ನಮ್ಮವರು ಬೇಡವೆಂದು ತಲೆಯಾಡಿಸಿದರು. ಭಾವ ಎದ್ದು ನಿಂತೇಬಿಟ್ಟರು. ನಾದಿನಿ ಮಾತ್ರ ತಟ್ಟೆಯಲ್ಲಿದ್ದ ಚಕ್ಕುಲಿ ಮುರಿಯುತ್ತ, ‘ಸರಿಯಾಗೇ ಮಾಡಿದಾರೆ. ಹೊರಟವನಿಗೆ ಕೌಂಟರ್ ಆಫರ್ ಕೊಟ್ಟು ಉಳಿಸಿಕೊಂಡರೆ ಅವನು ಆರು ತಿಂಗಳಿಗೆ ಹೋಗೇ ಹೋಗ್ತಾನೆ. ನಾನು ದಿನಾ ನೋಡ್ತೀನಿ’ ಎಂದಳು. ದಿನಾ ಅದನ್ನೇ ನೋಡುವ ಹೆಂಗಸಿನ ಎದುರು ಭಾವ ಕೂತರು.

ಆಮೇಲೆ ಬಂದವರು ಲಿಯಾಮ್ ಲಿವಿಂಗ್‌ಸ್ಟನ್, 8.75 ಕೋಟಿಗೆ ನಮ್ಮವರಾದರು. ಅವರ ಹಿಂದೆಯೇ ಕೆ.ಎಲ್. ರಾಹುಲ್. ಇಡೀ ಬೆಂಗಳೂರು ಕೈ ಮುಗಿದು ಕೂತಿತ್ತು. ಮನೆ ಮಗ, ಚಿನ್ನಸ್ವಾಮಿಯ ಪಿಚ್ಚಿನ ಹುಲ್ಲಿನ ಗರಿಗರಿಯ ಪರಿಚಯ ಇರುವವನು, ಜೊತೆಗೆ ವಿಕೆಟ್ ಕೀಪರು. ನಮ್ಮವರು ಸ್ವಲ್ಪ ದೂರ ಕೈ ಎತ್ತಿ, ಆಮೇಲೆ ಏನೋ ನೆನಪಾದವರಂತೆ ಇಳಿಸಿದರು. ಡೆಲ್ಲಿಯವರು 14 ಕೋಟಿಗೆ ಹೊತ್ತುಕೊಂಡು ಹೋದರು. ನನ್ನ ಹೆಂಡತಿಗೆ ಕ್ರಿಕೆಟ್ಟಿನ ಗಂಧ ಇಲ್ಲ, ಅವಳೇ ಅಡುಗೆಮನೆಯಿಂದ, ‘ಅಯ್ಯೋ, ಆ ಹುಡುಗನ್ನೂ ಬಿಟ್ರಾ?’ ಎಂದಳು ಎಂದಮೇಲೆ ಉಳಿದವರ ಪಾಡು ಊಹಿಸಿಕೊಳ್ಳಿ.

ರಾಹುಲ್ ವಿಷಯದಲ್ಲಿ ತೋರಿಸದ ಧೈರ್ಯವನ್ನೆಲ್ಲ ನಮ್ಮವರು ವೆಂಕಟೇಶ್ ಅಯ್ಯರ್ ಮೇಲೆ ತೋರಿಸಿದರು. ಹತ್ತು ಕೋಟಿ, ಹದಿನೈದು, ಇಪ್ಪತ್ತು. ಕೈ ಕೆಳಗಿಳಿಯುವುದೇ ಇಲ್ಲ. 23.50 ಕೋಟಿ ಎಂದಾಗ ಭಾವ ಟಿವಿಯ ಮುಂದೆ ಹೋಗಿ ಕೈ ಜೋಡಿಸಿ, ‘ಬೇಡ್ರಪ್ಪ, ಸಾಕು, ಸಂಸಾರ ಇದೆ’ ಎಂದು ಅಂಗಲಾಚಿದರು. ಕೋಲ್ಕತ್ತದವರು 23.75 ಎಂದು ಎತ್ತಿಕೊಂಡರು. ಆಟಗಾರ ಕೈತಪ್ಪಿದ್ದಕ್ಕೆ ಮನೆ ಮಂದಿಯೆಲ್ಲ ಒಬ್ಬರಿಗೊಬ್ಬರು ಕೈ ಕುಲುಕಿದ್ದು ಅದೇ ಮೊದಲು.

ಮಾರನೆಯ ದಿನದ ಹರಾಜು ನಾನು ನೋಡಿದ್ದು ವೈಟ್‌ಫೀಲ್ಡಿನ ಆಫೀಸಿನಲ್ಲಿ ಮತ್ತು ಅದಕ್ಕಿಂತ ಹೆಚ್ಚಾಗಿ ಹೋಪ್ ಫಾರ್ಮಿನ ಕಡೆಯ ಟೀ ಅಂಗಡಿಯಲ್ಲಿ. ಅಂಗಡಿಯ ಯಜಮಾನರು ಹಾಸನದ ಕಡೆಯವರು. ಅವರದು ಒಂದೇ ಬೇಡಿಕೆ: ಕನ್ನಡದವರು ಎಷ್ಟು ಜನ? ಬೌಲಿಂಗ್ ದುರ್ಬಲ ಎನ್ನಿ, ಫಿನಿಶರ್ ಇಲ್ಲ ಎನ್ನಿ, ಗ್ಲಾಸು ತೊಳೆಯುತ್ತಲೇ, ‘ಅದಿರ್ಲಿ ಸಾರ್, ನಮ್ಮೋರು ಎಷ್ಟು?’ ಅವರ ಒತ್ತಾಸೆಗೋ ಏನೋ, ಮೊದಲ ಸುತ್ತಿನಲ್ಲಿ ಯಾರೂ ಕೇಳದ ದೇವದತ್ತ ಪಡಿಕ್ಕಲ್ 2 ಕೋಟಿಗೆ ಬಂದರು, 30 ಲಕ್ಷಕ್ಕೆ ಮನೋಜ್ ಭಾಂಡಗೆ ಬಂದರು. ಯಜಮಾನರು ಅಂದಿನ ಮಟ್ಟಿಗೆ ಸಮಾಧಾನಗೊಂಡು, ನನ್ನ ಟೀಗೆ ಕೇಳದೆಯೇ ಇನ್ನಷ್ಟು ಶುಂಠಿ ಜಜ್ಜಿ ಹಾಕಿದರು.

ನಮ್ಮ ಟೆಸ್ಟಿಂಗ್ ಟೀಮಿನ ಹುಡುಗನದು ಬೇರೆಯೇ ದಾರಿ. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವನ ಸಂಬಳದ ಕೆಲಸ. ಎಕ್ಸೆಲ್ ಶೀಟಿನಲ್ಲಿ ಲಭ್ಯವಿದ್ದ ಎಲ್ಲ ಆಟಗಾರರ ಸ್ಟ್ರೈಕ್ ರೇಟು, ಎಕಾನಮಿ, ಗಾಯದ ಚರಿತ್ರೆ ತುಂಬಿಸಿ, ಚೆನ್ನಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟದಿದ್ದರೆ ಕೆಂಪು ಬಣ್ಣ ಕೊಟ್ಟಿದ್ದ. ಇಡೀ ಶೀಟು ಕೆಂಪಗೆ ಉರಿಯುತ್ತಿತ್ತು. ಹಸಿರು ಇದ್ದದ್ದು ಎಬಿ ಡಿವಿಲಿಯರ್ಸ್ ಒಬ್ಬರಿಗೆ. ಅವರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ‘ಬೆಂಚ್‌ಮಾರ್ಕ್‌ಗೆ ಇಟ್ಟಿದೀನಿ ಸಾರ್’ ಎಂದ. ಕೃಣಾಲ್ ಪಾಂಡ್ಯ 5.75 ಕೋಟಿಗೆ ಬಂದಾಗ ಅವನು ತಲೆ ಮೇಲೆ ಕೈ ಹೊತ್ತು ಕೂತ. ಭುವನೇಶ್ವರ್ 10.75 ಕೋಟಿಗೆ ಬಂದಾಗ ಪೀಣ್ಯದಿಂದ ನನಗೆ ಫೋನ್ ಬಂತು, ಹಿನ್ನೆಲೆಯಲ್ಲಿ ಮಷೀನುಗಳ ಗುಯ್‌ಗುಟ್ಟುವಿಕೆ. ‘ಸ್ಪಿಂಡಲ್ ಬಂತು!’ ಎಂದಷ್ಟೇ ಕೂಗಿ ಇಟ್ಟರು.

ಅಂದು ಸಂಜೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಅತ್ತ ಅವರಿಗೆ ಬೆಳಗು. ಟೆಸ್ಟಿಂಗ್ ಹುಡುಗ ಮ್ಯೂಟ್ ಮಾಡಲು ಮರೆತು, ಗಂಭೀರ ಚರ್ಚೆಯ ನಟ್ಟನಡುವೆ ‘ಥೂ, ಇವನ್ಯಾಕ್ ಗುರೂ!’ ಎಂದುಬಿಟ್ಟ. ಕ್ಲೈಂಟ್ ಕಡೆಯವರು ಏನಾಯಿತೆಂದು ಕೇಳಿದರು. ಬೇರೆ ದಾರಿಯಿಲ್ಲದೆ ಎಲ್ಲ ಬಿಡಿಸಿ ಹೇಳಿದೆವು: ಹದಿನೇಳು ವರ್ಷ, ಮೂರು ಫೈನಲ್, ಸೊನ್ನೆ ಕಪ್. ಆ ಮನುಷ್ಯ ಕ್ಲೀವ್‌ಲ್ಯಾಂಡಿನವರು. ಒಂದು ಕ್ಷಣ ಸುಮ್ಮನಿದ್ದು, ತಮ್ಮ ಬ್ರೌನ್ಸ್ ಫುಟ್‌ಬಾಲ್ ತಂಡದ ಕತೆ ತೆಗೆದರು. 2017ರ ಸೀಸನ್ನಿನಲ್ಲಿ ಹದಿನಾರು ಪಂದ್ಯ ಆಡಿ ಹದಿನಾರನ್ನೂ ಸೋತ ತಂಡ ಅದು. ಊರಿನವರು 2018ರ ಜನವರಿಯ ಕೊರೆಯುವ ಚಳಿಯಲ್ಲಿ ಸ್ಟೇಡಿಯಂ ಸುತ್ತ ಮೆರವಣಿಗೆ ಹೊರಟರಂತೆ, ಒಂದೂ ಗೆಲ್ಲದೆ ಸೀಸನ್ ಮುಗಿಸಿದ ಸಾಧನೆಗೆ! ನಮ್ಮ ಹುಡುಗನ ಕಣ್ಣಲ್ಲಿ ಭಕ್ತಿ ಉಕ್ಕಿತು.

ಅಲ್ಲಿ ಹರಾಜಿಲ್ಲ, ಡ್ರಾಫ್ಟ್ ಎಂಬ ಪದ್ಧತಿ. ಕಾಲೇಜಿನಿಂದ ಬರುವ ಹುಡುಗರನ್ನು ಆರಿಸಿಕೊಳ್ಳುವಾಗ ಕಟ್ಟಕಡೆಯ ತಂಡಕ್ಕೆ ಮೊದಲ ಮಣೆ. ಸೋತವನಿಗೇ ಮೊದಲ ತುತ್ತು. ಬ್ರೌನ್ಸ್ 2018ರಲ್ಲಿ ಆ ಮೊದಲ ತುತ್ತಿಗೆ ಬೇಕರ್ ಮೇಫೀಲ್ಡ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿ, ನಾಲ್ಕು ವರ್ಷವಾದ ಮೇಲೆ ಬೇರೆಯವರಿಗೆ ಕೊಟ್ಟು, ಅವನು ಬೇರೆಡೆ ಮಿಂಚುವುದನ್ನು ಈಗ ನೋಡುತ್ತ ಕೂತಿದೆ. ಚೆನ್ನೈಗೆ ಹೋದ ಮೊದಲ ವರ್ಷವೇ, 2018ರ ಫೈನಲ್‌ನಲ್ಲಿ ಶೇನ್ ವಾಟ್ಸನ್ ಹೊಡೆದ 117ನ್ನು ನಾವು ನೋಡಿದ ಹಾಗೆ. ಮೀಟಿಂಗ್ ಅರ್ಧ ಗಂಟೆ ಲಂಬಿಸಿತು. ಪ್ರಾಜೆಕ್ಟಿನ ಬಗ್ಗೆ ಏನು ತೀರ್ಮಾನವಾಯಿತೋ ಇಂದಿಗೂ ಯಾರಿಗೂ ಗೊತ್ತಿಲ್ಲ, ಸಂಬಂಧ ಮಾತ್ರ ಗಟ್ಟಿಯಾಯಿತು.

ಕಾಲ್ ಮುಗಿದ ಮೇಲೆ ಹುಡುಗ ಲೆಕ್ಕ ಹಾಕಿದ. ‘2017ರಲ್ಲಿ ನಾವು ಲಾಸ್ಟ್, 2019ರಲ್ಲೂ ಲಾಸ್ಟ್. ಆ ರೂಲ್ ಇಲ್ಲಿದ್ದಿದ್ರೆ ನಮ್ಮ ಸೋಲೆಲ್ಲ ಇನ್ವೆಸ್ಟ್‌ಮೆಂಟ್ ಆಗಿರೋದು ಸಾರ್.’ ಅವನಿಗೆ ಹಳೆಯ ಕತೆ ಗೊತ್ತಿರಲಿಲ್ಲ. 2008ರಲ್ಲಿ ಐಪಿಎಲ್‌ನಲ್ಲೂ ಹತ್ತೊಂಬತ್ತರ ಒಳಗಿನ ಹುಡುಗರಿಗೆ ಅಂಥದ್ದೇ ಡ್ರಾಫ್ಟ್ ನಡೆದಿತ್ತು. ವಿಶ್ವಕಪ್ ಗೆದ್ದು ಬಂದ ಕಿರಿಯರ ತಂಡದ ಕಪ್ತಾನ ಡೆಲ್ಲಿಯವನೇ. ಆದರೆ ಡೆಲ್ಲಿ ತಂಡದವರು, ನಮ್ಮಲ್ಲಿ ಬ್ಯಾಟ್ಸ್‌ಮನ್‌ಗಳು ಸಾಕಷ್ಟಿದ್ದಾರೆ ಎಂದು ಪ್ರದೀಪ್ ಸಾಂಗ್ವಾನ್ ಎಂಬ ಎಡಗೈ ಬೌಲರನ್ನು ಆರಿಸಿಕೊಂಡರು. ಬಿಟ್ಟ ಹುಡುಗ 12 ಲಕ್ಷಕ್ಕೆ ಬೆಂಗಳೂರಿಗೆ ಬಂದ. ಅವನೇ ಈಗಿನ 21 ಕೋಟಿ.

ಹಾಗಂತ ಆ ವರ್ಷ ನಾವು ಮೆರೆದೆವೆಂದಲ್ಲ. ಮೊದಲ ಹರಾಜಿನಲ್ಲಿ ಕಟ್ಟಿದ ತಂಡವೋ, ದ್ರಾವಿಡ್, ಕಾಲಿಸ್, ವಸೀಂ ಜಾಫರ್, ಚಂದ್ರಪಾಲ್, ಕುಂಬ್ಳೆ. ಐದು ದಿನ ಕೊಟ್ಟಿದ್ದರೆ ಪ್ರಪಂಚದ ಯಾರನ್ನು ಬೇಕಾದರೂ ಸೋಲಿಸುತ್ತಿದ್ದರು. ಕೊಟ್ಟದ್ದು ಮೂರು ಗಂಟೆ. ಏಪ್ರಿಲ್ 18ರ ಉದ್ಘಾಟನಾ ಪಂದ್ಯದಲ್ಲಿ ಬ್ರೆಂಡನ್ ಮೆಕಲಮ್ ಒಬ್ಬರೇ 158 ಹೊಡೆದರು, ನಾವೆಲ್ಲ ಸೇರಿ 82. ಅದರಲ್ಲೂ ಅತಿ ಹೆಚ್ಚು ರನ್ ಗಳಿಸಿದ ನಮ್ಮ ಆಟಗಾರನ ಹೆಸರು ಎಕ್ಸ್‌ಟ್ರಾ, 19.

ಪುನರ್ನಿರ್ಮಾಣ ಎಂಬುದನ್ನು ನೆಟ್ಟಗೆ ಮಾಡಿ ತೋರಿಸಿದವರು ಆರ್‌ಸಿಬಿಯ ಹೆಣ್ಣುಮಕ್ಕಳು. ನಾದಿನಿ ಇದನ್ನು ಹೇಳುವ ಅವಕಾಶಕ್ಕೇ ಕಾದಿರುತ್ತಾಳೆ. 2023ರಲ್ಲಿ ಮೊದಲ ಐದು ಪಂದ್ಯ ಸತತವಾಗಿ ಸೋತ ತಂಡ. ಕಪ್ತಾನಗಿರಿ ಸ್ಮೃತಿ ಮಂಧಾನ ಕೈಲೇ ಉಳಿಯಿತು, ಬೇಕಾದವರನ್ನು ಸೇರಿಸಿಕೊಂಡರು, 2024ರ ಮಾರ್ಚ್ 17ರಂದು ಡೆಲ್ಲಿಯಲ್ಲೇ ಡೆಲ್ಲಿಯನ್ನು ಸೋಲಿಸಿ ಕಪ್ ತಂದರು. ಫೈನಲ್‌ನಲ್ಲಿ ನಾಲ್ಕು ವಿಕೆಟ್ ತೆಗೆದವಳು ಶ್ರೇಯಾಂಕಾ ಪಾಟೀಲ್. ‘ಎರಡೇ ವರ್ಷ. ನೀವು ಗಂಡಸರು ಹದಿನೇಳು ವರ್ಷದಿಂದ ಏನ್ ಮಾಡ್ತಿದೀರಾ?’ ಎಂದು ಅವಳು ಕೇಳಿದಾಗ ಭಾವ ಮತ್ತು ನಾನು, ನಾವೇ ಬ್ಯಾಟು ಹಿಡಿದು ಸೋತವರಂತೆ ತಲೆ ತಗ್ಗಿಸಿದೆವು.

2025ರ ಏಪ್ರಿಲ್ ಬಂತು. 2ನೇ ತಾರೀಖು ಸಿರಾಜ್ ಗುಜರಾತಿನ ಅಂಗಿ ತೊಟ್ಟು ಚಿನ್ನಸ್ವಾಮಿಗೇ ಬಂದು 19 ರನ್ನಿಗೆ ಮೂರು ವಿಕೆಟ್ ಕಿತ್ತರು. ಭಾವ ತಂಗಿಗೆ ಫೋನ್ ಮಾಡಿ ಕೌಂಟರ್ ಆಫರ್ ಎಂದರೇನು ಎಂದು ವಿಚಾರಿಸಿಕೊಂಡರು. 10ರಂದು ರಾಹುಲ್ ಡೆಲ್ಲಿ ಪರ 93 ಹೊಡೆದು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ನಡುವೆ ಕುಟ್ಟಿ, ಇದು ನನ್ನ ಜಾಗ ಎಂದು ಕಾಂತಾರದ ಧಾಟಿಯಲ್ಲಿ ತೋರಿಸಿದರು. ನಮ್ಮ ಸಿನಿಮಾ, ನಮ್ಮ ನೆಲ, ನಮ್ಮ ಹುಡುಗ. ಸೋತವರು ಮಾತ್ರ ನಾವು. ಟೀ ಅಂಗಡಿಯ ಯಜಮಾನರಿಗೆ ಅಳಬೇಕೋ ಶಿಳ್ಳೆ ಹೊಡೆಯಬೇಕೋ ತಿಳಿಯಲಿಲ್ಲ. ಶಿಳ್ಳೆ ಹೊಡೆದರು.

ಆಮೇಲಿನದು ನಿಮಗೂ ಗೊತ್ತು. ಹೊರಗಿನ ಏಳು ಲೀಗ್ ಪಂದ್ಯಗಳಲ್ಲಿ ಏಳನ್ನೂ ಗೆದ್ದರು. ಶೀಟಿನಲ್ಲಿ ಕಡುಗೆಂಪಾಗಿದ್ದ ಕೃಣಾಲ್ ಡೆಲ್ಲಿಯಲ್ಲಿ ಔಟಾಗದೆ 73 ಹೊಡೆದರು. ಒಂದೂವರೆ ಕೋಟಿಯ ರೊಮಾರಿಯೊ ಶೆಫರ್ಡ್ ಚೆನ್ನೈ ಮೇಲೆ ಹದಿನಾಲ್ಕು ಎಸೆತಕ್ಕೆ ಅರ್ಧಶತಕ ಬಾರಿಸಿದರು. ಲಕ್ನೋದಲ್ಲಿ ಜಿತೇಶ್ ಶರ್ಮಾ 33 ಎಸೆತಕ್ಕೆ 85. ದಿನದಿನಕ್ಕೂ ಹುಡುಗನ ಎಕ್ಸೆಲ್ ಹಸಿರಾಗುತ್ತ ಹೋಯಿತು. ರಾತ್ರೋರಾತ್ರಿ ಬಣ್ಣ ಬದಲಾಯಿಸುತ್ತಿದ್ದ ಕಳ್ಳ. ‘ನಾನು ಅವತ್ತೇ ಹೇಳಿದ್ನಲ್ಲ ಸಾರ್’ ಎಂಬ ಮಾತು ವೈಟ್‌ಫೀಲ್ಡಿನಿಂದ ಪೀಣ್ಯದವರೆಗೆ ಎಲ್ಲರ ಬಾಯಲ್ಲಿ. ನಮ್ಮ ಸೀಮೆಯಲ್ಲಿ ಹರಾಜಿನ ದಿನ ತಪ್ಪು ಮಾತಾಡಿದ ಒಬ್ಬನೇ ಒಬ್ಬ ಮನುಷ್ಯ ಸಿಗಲಿಲ್ಲ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿದರು. 2009ರ ಫೈನಲ್ ನಾವು ಸೋತಿದ್ದೂ ಅದೇ 6 ರನ್ನಿಗೆ. ಪಂದ್ಯಪುರುಷ ಕೃಣಾಲ್ ಪಾಂಡ್ಯ, 17 ರನ್ನಿಗೆ 2 ವಿಕೆಟ್. ಸ್ಪಿಂಡಲ್ ಒಂದೇ ಓವರಿನಲ್ಲಿ ಎರಡು ವಿಕೆಟ್ ತೆಗೆದಾಗ ಭಾವ ಮರುದಿನ ಶೆಡ್ಡಿನ ನಾಲ್ಕೂ ಮಷೀನಿಗೆ ಕುಂಕುಮ ಇಡುವುದಾಗಿ ಹರಕೆ ಹೊತ್ತರು.

ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಆದ ಕಾಲ್ತುಳಿತ ಇಂಥ ಬರಹಕ್ಕೆ ಸೇರುವ ಮಾತಲ್ಲ. ಹನ್ನೊಂದು ಜನ ಮನೆಗೆ ವಾಪಸಾಗಲಿಲ್ಲ. ಕಪ್ಪಿನ ವಿಷಯ ನಮ್ಮ ಟೀ ಅಂಗಡಿಯಲ್ಲಿ ಬಹಳ ದಿನ ಯಾರೂ ಎತ್ತಲಿಲ್ಲ.

ಮಾತು ಮತ್ತೆ ಹೊರಳಿದ್ದು ಡಿಸೆಂಬರಿನಲ್ಲಿ, ಹರಾಜಿನಿಂದಲೇ. ಗೆದ್ದ ತಂಡದ ಹರಾಜು ಸಪ್ಪೆ ಎಂದುಕೊಂಡಿದ್ದೆವು. ಕಟ್ಟುವುದೇನೂ ಉಳಿದಿಲ್ಲ, ಬೈಯುವುದು ಯಾರನ್ನು? 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಮ್ಮವರು ಆ ಕೊರತೆ ನೀಗಿಸಿದರು. ಹೋದ ವರ್ಷ 23.50 ಕೋಟಿಗೂ ದಕ್ಕದ ವೆಂಕಟೇಶ್ ಅಯ್ಯರ್ ಈ ಸಲ 7 ಕೋಟಿಗೆ ನಮ್ಮವರಾದರು. ‘ಹದಿನಾರೂವರೆ ಕೋಟಿ ಉಳಿತಾಯ!’ ಎಂದು ನಾದಿನಿ ಚಪ್ಪಾಳೆ ತಟ್ಟಿದಳು, ಉಳಿದದ್ದು ಅವಳ ಅಕೌಂಟಿಗೇ ಬರುವಂತೆ.

ಲಿವಿಂಗ್‌ಸ್ಟನ್‌ರನ್ನು ನಮ್ಮವರು ಅದಾಗಲೇ ಬಿಟ್ಟಿದ್ದರು. ಬಿಡಿಸಲು ಇಡೀ ಸೀಸನ್ ಬಾಯಿ ಬಡಿದುಕೊಂಡವರು ಭಾವ. ಒಂದು ಅರ್ಧಶತಕ ಬಿಟ್ಟರೆ ಏನು ಮಾಡಿದ, ಪವರ್ ತಿಂದು ಔಟ್‌ಪುಟ್ ಕೊಡದ ಮಷೀನು, ಎಂದು ದಿನಾ ಹೇಳುತ್ತಿದ್ದರು. ಅಂದು ರಾತ್ರಿ ಪೀಣ್ಯದಿಂದ ಫೋನ್ ಬಂತು.

‘ಅವನನ್ನ ಹೈದರಾಬಾದಿನೋರು ಎಷ್ಟಕ್ಕೆ ತಗೊಂಡ್ರಂತೆ?’

‘13 ಕೋಟಿಗೆ ಭಾವ.’

ಆ ಕಡೆ ಮಷೀನಿನ ಸದ್ದು ಕೂಡ ನಿಂತಂತಾಯಿತು.

‘ನೋಡಿದ್ಯಾ? ಅಂಥವನನ್ನ ಯಾರಾದ್ರೂ ಬಿಡ್ತಾರಾ! ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ ಅವರು?’