ಪಿ.ಪಿ. ಮಾಮ

ಹಲಸೂರಿನಲ್ಲಿ ಕಾಗದ ದಾರಿ ತಪ್ಪುವುದು ದೊಡ್ಡ ಸಂಗತಿಯೇನಲ್ಲ. ನಮ್ಮದು 560008, ಪಕ್ಕದ ಇಂದಿರಾನಗರ 560038. ಒಂದು ಸೊನ್ನೆ ಮೂರಾದರೆ ಸಾಕು, ಕಾಗದ ಆ ಕಡೆ ಹೋಯಿತು. ಸಾಲದ್ದಕ್ಕೆ ಒಂದನೇ ಕ್ರಾಸ್ ಇಲ್ಲದ ಬಡಾವಣೆ ಈ ಸುತ್ತಿನಲ್ಲಿ ಯಾವುದಿದೆ? 1972ರಲ್ಲಿ ಪಿನ್‌ಕೋಡ್ ತಂದವರು ಜೋಗುಪಾಳ್ಯದ ಗಲ್ಲಿಗಳಿಗೆ ಕಾಲಿಟ್ಟಿರಲಿಲ್ಲವೆಂದು ಕಾಣುತ್ತದೆ.

ಅದಕ್ಕೇ ಬೀದಿಗೊಬ್ಬರು ಸುದ್ದಿ ಮುಟ್ಟಿಸುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ಪಾಲಿಗೆ ಬಂದವರು ಪಿ.ಪಿ. ಮಾಮ. ಬೀದಿಗೆಲ್ಲ ಅವರದೊಂದೇ ಫೋನಿದ್ದ ಕಾಲದಲ್ಲಿ ಎಲ್ಲರ ಲಗ್ನಪತ್ರಿಕೆಯಲ್ಲೂ ಅವರ ನಂಬರು, ಪಕ್ಕದಲ್ಲಿ ‘ಪಿ.ಪಿ.’, ಅಂದರೆ ಕರೆದು ಕೊಡುವ ನೆರೆಮನೆಯ ಫೋನು. ತಮಿಳಿನಲ್ಲಿ ಕೇಳಿಸಿಕೊಂಡು, ತೆಲುಗಿನಲ್ಲಿ ಖಚಿತಪಡಿಸಿಕೊಂಡು, ಕನ್ನಡದಲ್ಲಿ ಒಪ್ಪಿಸುವರು. ಕಾಸು ಕೇಳಿದವರಲ್ಲ. ಕಾಫಿ ಬೇಡವೆಂದವರೂ ಅಲ್ಲ.

ತೊಂದರೆ ಒಂದೇ: ವಿಷಯ ಕೊನೆಗೆ ಬರುತ್ತದೆ. ಮೊದಲು ಅದರ ವಂಶಾವಳಿ. ಫೋನು ಎಷ್ಟು ಹೊತ್ತಿಗೆ ಬಂತು, ಆಗ ತಾವು ಏನು ಮಾಡುತ್ತಿದ್ದರು, ಲೈನಿನಲ್ಲಿ ಗೊರಗೊರ ಎಷ್ಟಿತ್ತು.

ಒಮ್ಮೆ ತುಮಕೂರಿನ ಅತ್ತೆ ಮನೆಯ ನಿಶ್ಚಿತಾರ್ಥಕ್ಕೆ ಗಂಟುಮೂಟೆ ಹಿಡಿದು ಹೊರಟಿದ್ದೆವು. ಮಾಮ ಎದುರಾದರು. “ನಿಮ್ಮ ಮನೆಗೇ ಬರ್ತಿದ್ದೆ, ಒಂದು ವಿಷಯ” ಎಂದು ಬ್ಯಾಗು ಕಿತ್ತುಕೊಂಡು ಬಸ್‌ಸ್ಟಾಪಿನವರೆಗೂ ಹೊತ್ತರು. ದಾರಿಯುದ್ದಕ್ಕೂ ಪೀಠಿಕೆ. ಮೆಜೆಸ್ಟಿಕ್ ಬಸ್ಸಿಗೆ ಹತ್ತಿಸಿ ಮಗುವಿಗೆ ಸೀಟೂ ಹಿಡಿದುಕೊಟ್ಟರು. ಬಸ್ಸು ಹೊರಟ ಮೇಲೆ ಕಿಟಕಿಯ ಜೊತೆ ಓಡುತ್ತಾ ಕೂಗಿದರು: “ಹೋಗ್ಬನ್ನಿ, ಆದ್ರೆ ನಿಶ್ಚಿತಾರ್ಥ ಇಲ್ವಂತೆ, ಅವರೆಲ್ಲ ಧರ್ಮಸ್ಥಳಕ್ಕೆ ಹೋಗಿದಾರಂತೆ!” ಟ್ರಿನಿಟಿ ಸರ್ಕಲ್ಲಿನಲ್ಲಿ ಇಳಿದು ವಾಪಸು ನಡೆದೆವು. ಮಾಮನಿಗೆ ಆಡಬೇಕಾದ್ದನ್ನೆಲ್ಲ ನನ್ನ ಹೆಂಡತಿ ನನಗೇ ಆಡಿ ಮುಗಿಸಿದಳು.

ಊರಿನಲ್ಲಿ ಅಪ್ಪ ಹೋದ ದಿನವೂ ಫೋನು ಬಂದದ್ದು ಅವರ ಮನೆಗೇ. “ಮೊದಲು ತಿಂಡಿ ತಿನ್ನಿ” ಎಂದು ಎದುರು ಕೂತರು. ನನ್ನ ತಟ್ಟೆಯ ಇಡ್ಲಿ ಮುಗಿಯುವವರೆಗೆ ಮಳೆ, ಬೆಲೆ, ಕೆರೆಯ ವಾಸನೆ ಎಲ್ಲ ಮಾತಾಡಿದರು. ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣು ಮುಗಿಯುವ ತನಕ ಮಗನ ಹೊಟ್ಟೆಗೆ ಏನೂ ಇಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕೈ ತೊಳೆದು ಬಂದ ಮೇಲೆ ಹೇಳಿದರು. ಒಂದೇ ವಾಕ್ಯ. ಅವರಿಗೆ ಅಷ್ಟು ಚಿಕ್ಕದಾಗಿ ಮಾತಾಡಲು ಬರುತ್ತದೆಂದು ನಾನು ಎಣಿಸಿರಲಿಲ್ಲ.

ತಂತಿ ಸೇವೆಯನ್ನು ಸರ್ಕಾರ 2013ರ ಜುಲೈನಲ್ಲಿ ನಿಲ್ಲಿಸಿತು. ಮಾಮನನ್ನು ನಿಲ್ಲಿಸುವುದು ಯಾರಿಂದಾದೀತು? ಮನೆಮಂದಿಗೆಲ್ಲ ಮೊಬೈಲಿದ್ದರೂ ಬರುತ್ತಾರೆ. ಮೊನ್ನೆ ಬೆಳಗ್ಗೆ ಗೇಟು ತೆಗೆದವರೇ, “ಮೊದಲು ಕಾಫಿ ಕುಡೀರಿ” ಅಂದರು. ನನ್ನ ಹೆಂಡತಿ ಗೋಡೆಗೊರಗಿದಳು. ನಾನು ಬಳಗದ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಾ ಕುಡಿದೆ. ಲೋಟ ಬರಿದಾದ ಮೇಲೆ ಮಾಮ ಗಂಟಲು ಸರಿಮಾಡಿಕೊಂಡರು: “ನಾಳೆ ಕಾವೇರಿ ನೀರು ಬಿಡಲ್ವಂತೆ.”