ಡಿಸ್ಕ್‌ರಕ್ಷಾವಿಧಿ: ಕಲ್ವಾದಿಂದ ಕಲ್ಯಾಣದವರೆಗೆ ಒಂದು ಶಾಸ್ತ್ರೀಯ ವಿವೇಚನೆ

ಹಾರ್ಡ್ ಡಿಸ್ಕ್‌ನಲ್ಲಿರುವ ಡೇಟಾ ಕೆಡದಂತೆ ಮದರ್‌ಬೋರ್ಡಿನ ಬಯೋಸ್‌ನಲ್ಲಿ ಮಾಡಿಕೊಳ್ಳುವ ಏರ್ಪಾಡಿಗೆ ಡಿಸ್ಕ್‌ರಕ್ಷಾವಿಧಿ ಎಂದು ಹೆಸರು. ಕಂಪ್ಯೂಟರ್ ಆನ್ ಆದೊಡನೆ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಎಡೆಬಿಡದೆ ಕುಟ್ಟಬಲ್ಲವನೇ ಇದಕ್ಕೆ ಅಧಿಕಾರಿ. ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಈ ಅಧಿಕಾರ ಒಂಬತ್ತನೇ ಕ್ಲಾಸಿನ ಮಗನದು, ಡೇಟಾ ಮಾತ್ರ ಅಪ್ಪನದು.

ಶಾಸ್ತ್ರದ ಹಳೆಯ ಆಧಾರ 2001ರಲ್ಲಿ ಸಿಗುತ್ತದೆ. ವಿಐಎ ಕಂಪನಿಯ 686ಬಿ ಸೌತ್‌ಬ್ರಿಜ್ ಚಿಪ್ ಇದ್ದ ಬೋರ್ಡುಗಳಲ್ಲಿ ದೊಡ್ಡ ಫೈಲನ್ನು ಒಂದು ಐಡಿಇ ಚಾನೆಲ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ಕೆಲವೊಮ್ಮೆ ಅದು ಕೆಟ್ಟೇ ತಲುಪುತ್ತಿತ್ತು. ಪಿಸಿಐ ಬಸ್ಸಿನ ಸೆಟ್ಟಿಂಗ್ ತಿದ್ದಿದ ಹೊಸ ಬಯೋಸ್ ಬಂದ ಮೇಲೆ ಉಪಶಮನವಾಯಿತು. ಅದೇ ಕಾಲದ ಇನ್ನೊಂದು ಗಂಡಾಂತರ, 28 ಬಿಟ್ ವಿಳಾಸದ 137 ಜಿಬಿ ಮಿತಿ. ಹಳೆಯ ವ್ಯವಸ್ಥೆಗೆ ಇದಕ್ಕಿಂತ ದೊಡ್ಡ ಡಿಸ್ಕ್ ಜೋಡಿಸಿದರೆ, ಮಿತಿ ಮೀರಿದ ಡೇಟಾ ಡಿಸ್ಕ್‌ನ ಆರಂಭಕ್ಕೇ ಮರಳಿ, ಲೋಕಲ್ ರೈಲಿನ ಮೂವರ ಬೆಂಚಿನಲ್ಲಿ ಫೋರ್ತ್ ಸೀಟಿನವನಂತೆ ಮೊದಲೇ ಕೂತವನ ಮೇಲೆ ಒರಗುವ ಅಪಾಯವಿತ್ತು. ರೈಲಿನಲ್ಲಾದರೆ ಕೂತವನು ಬದುಕುತ್ತಾನೆ.

ಈಗ ಈ ಮುಂಬಯಿ ಪ್ರಾಂತ್ಯಕ್ಕೆ ಮುಖ್ಯವಾದದ್ದು, ಹೋದ ಕರೆಂಟ್ ಮರಳಿದಾಗ ಯಂತ್ರ ಏನು ಮಾಡಬೇಕೆಂದು ವಿಧಿಸುವ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬ ಸೆಟ್ಟಿಂಗ್. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಲ್ವಾ–ಪಡಘಾ ನಡುವಿನ 400 ಕೆವಿ ಮಾರ್ಗ ಟ್ರಿಪ್ ಆದ ಬೆನ್ನಿಗೆ ಮುಂಬಯಿ, ಥಾಣೆ, ನವಿಮುಂಬಯಿಗಳಲ್ಲಿ ಕರೆಂಟ್ ಹೋಯಿತು. ಲೋಕಲ್‌ಗಳು ನಿಂತಲ್ಲೇ ನಿಂತವು. ಇಂಥ ಹೊತ್ತಿನಲ್ಲಿ ಡಿಸ್ಕ್ ತಿರುಗುವ ರಭಸದಲ್ಲೇ ವಿದ್ಯುತ್ ಹುಟ್ಟಿಸಿಕೊಂಡು ತನ್ನ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಕ್ಯಾಶ್‌ನಲ್ಲಿದ್ದು ಇನ್ನೂ ಬರೆಯದ ಡೇಟಾಕ್ಕೆ ಆ ಭಾಗ್ಯವಿಲ್ಲ. ಕರೆಂಟ್ ಬಂದಕೂಡಲೇ ಯಂತ್ರ ತಾನೇ ಏಳುವಂತೆ ಈ ಸೆಟ್ಟಿಂಗನ್ನು ‘ಆನ್’ನಲ್ಲಿಟ್ಟಿದ್ದರೆ, ಬಂದ ಕರೆಂಟ್ ಮತ್ತೆ ಕಣ್ಣುಮುಚ್ಚಾಲೆ ಆಡಿದಾಗ ಬೂಟ್ ಆಗುತ್ತಿರುವಾಗಲೇ ಎರಡನೆಯ ಪೆಟ್ಟು ಬೀಳುತ್ತದೆ. ಆದ್ದರಿಂದ ‘ಆಫ್’ ಎಂಬುದೇ ಸಿದ್ಧಾಂತ.

ಮುಂದಿನದು ಬ್ಯಾಟರಿ ಪ್ರಕರಣ. ಸೆಟ್ಟಿಂಗ್‌ಗಳ ನೆನಪಿಗೆ, ಗಡಿಯಾರಕ್ಕೆ ಬಟನ್ನಿನಂಥ 3 ವೋಲ್ಟಿನ ಸಿಆರ್2032 ಸೆಲ್ಲೇ ಸಾಮಾನ್ಯವಾಗಿ ಆಧಾರ. ಅದು ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಎಎಚ್‌ಸಿಐನಲ್ಲಿದ್ದ ಸಾಟಾ ಮೋಡ್ ಕೆಲವು ಬೋರ್ಡುಗಳಲ್ಲಿ ಐಡಿಇಗೆ ಜಾರುತ್ತದೆ, ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆಗ ರಿಪೇರಿಯವನನ್ನು ಕರೆಸುತ್ತಾರೆ. ಆತ ಕೀಬೋರ್ಡ್ ಮುಟ್ಟುವ ಮೊದಲೇ ‘ಫಾರ್ಮ್ಯಾಟ್ ಮಾಡ್ಬೇಕಾಗ್ತದೆ’ ಎನ್ನುತ್ತಾನೆ. ಯಜಮಾನರು ‘ಮಾಡಿ’ ಎನ್ನುತ್ತಾರೆ. ಮಗಳ ಮದುವೆಯ ಫೋಟೋಗಳೂ ಸಂಘದ ಸದಸ್ಯರ ಪಟ್ಟಿಯೂ ಹೋಗುವುದು ಈ ಘಟ್ಟದಲ್ಲಿ. ಮೋಡನ್ನು ಮತ್ತೆ ಎಎಚ್‌ಸಿಐಗೆ ತಂದು, ಅಲ್ಪ ಬೆಲೆಯ ಸೆಲ್ ಬದಲಿಸಿದ್ದರೆ ಸಾಕಿತ್ತು ಎಂಬ ಮತವನ್ನು ರಿಪೇರಿ ಪಂಥ ಒಪ್ಪಿಲ್ಲ.

ರ್‍ಯಾಮ್ ವೇಗವನ್ನು ಮಿತಿಮೀರಿ ಏರಿಸುವುದು ನಿಷಿದ್ಧ; ಮೆಮೊರಿಯಲ್ಲಿ ತಪ್ಪಿದ ಬಿಟ್ ಡಿಸ್ಕ್‌ಗೂ ತಪ್ಪಾಗಿಯೇ ಇಳಿಯುತ್ತದೆ. ಡಿಸ್ಕ್‌ನ ಆರೋಗ್ಯ ನೋಡುವ ಸ್ಮಾರ್ಟ್ ತಪಾಸಣೆಯನ್ನು ಆನ್ ಇಡಬೇಕು, ಅದು ಎಚ್ಚರಿಸಿದಾಗ ಎಂಟರ್ ಒತ್ತಿ ಮುಂದೆ ಹೋಗಬಾರದು.

ಇಷ್ಟೆಲ್ಲ ಆದರೂ ಬಯೋಸ್ ಎರಡನೆಯ ಪ್ರತಿಯನ್ನು ತಯಾರಿಸಿಕೊಡುವುದಿಲ್ಲ. ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರತಕ್ಕದ್ದು. ಈ ಲೆಕ್ಕಕ್ಕೆ ಡೊಂಬಿವಲಿ, ಕಲ್ಯಾಣಗಳನ್ನು ಬೇರೆ ಬೇರೆ ಊರೆಂದು ಹಿಡಿಯುವಂತಿಲ್ಲ: 2005ರ ಜುಲೈ 26ರ ನೀರು ಎರಡಕ್ಕೂ ಒಂದೇ ದಿನ ನುಗ್ಗಿತ್ತು.